ಅಪ್ಪಯ್ಯ ಸೀರೆ ಹೊದ್ದು ಹಾಲು ಕರೆದದ್ದು

ಹೋದ ಮಳೆಗಾಲದಲ್ಲಿ ಅಮ್ಮನ ಮಂಡಿ ಆಪರೇಷನ್ ಆಯಿತು. ಅಕ್ಕ ಆಸ್ಪತ್ರೆಯಲ್ಲಿ ಅಮ್ಮನ ಜತೆ ಉಳಿದಳು. ನಾನು ರಜೆ ಹಾಕಿ ಶಿವಮೊಗ್ಗದಿಂದ ಊರಿಗೆ ಬಂದೆ, ಅಪ್ಪಯ್ಯನಿಗೆ ಹೊತ್ತು ಹೊತ್ತಿಗೆ ಊಟ ಹಾಕಲಿಕ್ಕೆ. ನಮ್ಮದು ಸಾಗರದ ಕಡೆ, ಶರಾವತಿ ಹಿನ್ನೀರಿಗೆ ಹತ್ತಿರದ ಒಂಟಿ ಮನೆ. ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಗೌರಿ ಮತ್ತು ಅವಳ ಮೂರು ತಿಂಗಳ ಕರು. ಮಲೆನಾಡು ಗಿಡ್ಡ ತಳಿ. ಎತ್ತರ ನನ್ನ ಸೊಂಟದಷ್ಟು, ಸಿಟ್ಟು ಮಾತ್ರ ಆನೆಯದು.

ಗೌರಿಯ ಹಾಲನ್ನು ಮೊದಲಿಂದಲೂ ಕರೆದವಳು ಅಮ್ಮ ಒಬ್ಬಳೇ. ಅಮ್ಮ ಹೋದ ಮಾರನೇ ಬೆಳಗ್ಗೆ ಅಪ್ಪಯ್ಯ ಚೆಂಬು ಹಿಡಿದು ಕೂತ. ಕರು ಬಿಟ್ಟಾಯಿತು. ಅದು ನಾಲ್ಕು ಸಲ ಗುಮ್ಮಿ ಕುಡಿಯಿತು. ಇನ್ನೇನು ಹಾಲು ಇಳಿಸಿ ತೊರೆ ಬಿಟ್ಟಳು ಅನ್ನುವಾಗ ಕರುವನ್ನು ಎಳೆದು ಕಟ್ಟಿ ಅಪ್ಪಯ್ಯ ಕೈ ಹಾಕಿದರೆ, ಹಾಲೆಲ್ಲ ಎಲ್ಲಿಗೋ ಹೋದ ಹಾಗೆ. ಅರ್ಧ ಲೋಟ ಸಿಕ್ಕಿತು. ಎರಡನೇ ದಿನ ಅದೂ ಇಲ್ಲ. ಒದ್ದಳು, ಚೆಂಬು ಹೋಗಿ ಗಂಜಲದ ಕಾಲುವೆಗೆ ಬಿತ್ತು. ನಾನೂ ಒಂದು ಕೈ ನೋಡಿದೆ. ನನ್ನನ್ನು ಅವಳು ಒದೆಯಲೂ ಇಲ್ಲ. ಸುಮ್ನೆ ತಿರುಗಿ ನೋಡಿದಳು. ಅದು ಇನ್ನೂ ಅವಮಾನ.

ರಾತ್ರಿ ಅತ್ತೆ ಫೋನ್ ಮಾಡಿದಳು. ಅಪ್ಪಯ್ಯನ ಅಕ್ಕ. ಎಲ್ಲ ಕೇಳಿಸಿಕೊಂಡು, "ನಿನ್ನ ಹೆಂಡ್ತಿ ಸೀರೆ ಹೊದ್ಕಂಡು ಕೂತ್ಕ ಮಾರಾಯ. ನಮ್ಮ ಮಾವ ಹಂಗೇ ಕರೀತಿದ್ರು" ಅಂದಳು.

ಅಪ್ಪಯ್ಯ ಮೊದಲು ಬೈದ. ಮೂರನೇ ದಿನ ನಸುಕಿನಲ್ಲಿ, ಒಂಟಿ ಮನೆಯಾದರೂ ಯಾರೂ ಬರುತ್ತಿಲ್ಲ ಅಂತ ಅಂಗಳದ ತುದಿಗೆ ಹೋಗಿ ಖಾತ್ರಿ ಮಾಡಿಕೊಂಡು, ಅಮ್ಮನ ಹಳೇ ಕಾಟನ್ ಸೀರೆಯನ್ನು ತಲೆ ಮೇಲಿಂದ ಹೊದ್ದು ಕೂತ. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಗೌರಿ ಒಂದು ಸಲ ಮೂಸಿದಳು. ಐದು ಲೋಟ ಹಾಲು.

ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಮ್ಮ ಬರೆಯುವ ಹಾಗೆಯೇ "5" ಅಂತ ಬರೆದೆ. ಬರೆಯುವಾಗ ಹಳೇ ಮಾತೊಂದು ನೆನಪಾಯಿತು.

ಬಿಎಗೆ ಸೈಕಾಲಜಿ ತಗೊಂಡ ವರ್ಷ. ದಸರಾ ರಜೆಗೆ ಊರಿಗೆ ಬಂದವಳು ಜಗಲಿಯಲ್ಲಿ ಕೂತು ಪುಸ್ತಕ ಓದುತ್ತಿದ್ದೆ. ಪುಟದ ತುಂಬ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಇಲಿ, ಇಲಿಯ ಮುಂದೆ ಸಣ್ಣ ಹಿಡಿಕೆ. ಅಪ್ಪಯ್ಯ ಅಡಿಕೆ ಸುಲಿಯುತ್ತ ಬಗ್ಗಿ ನೋಡಿದ. "ಎಂತ ಮಾರಾಯ್ತಿ, ಮನುಷ್ಯರ ಮನಸ್ಸು ಓದ್ತೀನಿ ಅಂತ ಹೋಗಿ ಇಲಿ ಓದ್ತಿದೀಯ? ಇಲಿ ನೋಡ್ಲಿಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕಿತ್ತಾ? ನಮ್ಮ ಅಟ್ಟದ ಮೇಲೇ ಇದ್ವಲ್ಲ."

ಸಿಲಬಸ್ಸಿನಲ್ಲಿ ಇದೆ ಅಂದೆ. ಬೇರೆ ಉತ್ತರ ಆಗ ನನ್ನ ಹತ್ತಿರ ಇರಲಿಲ್ಲ. ನನ್ನ ಕ್ಲಾಸಿನ ಅರ್ಧ ಜನಕ್ಕೂ ಇದೇ ಬೇಜಾರಿತ್ತು. ಪ್ರೀತಿ, ಕನಸು, ಸಿಟ್ಟು, ಹುಚ್ಚು ಇದೆಲ್ಲ ಕಲಿಯುತ್ತೇವೆ ಅಂದುಕೊಂಡು ಬಂದರೆ ಮೊದಲ ಸೆಮಿಸ್ಟರಿನಲ್ಲಿ ರಷ್ಯಾದ ನಾಯಿ, ಅಮೆರಿಕದ ಬೆಕ್ಕು, ಪಾರಿವಾಳ.

ನನಗೆ ಉತ್ತರದ ಒಂದು ತುದಿ ಸಿಕ್ಕಿದ್ದು ಮಂಗನ ಕಾಯಿಲೆಯಿಂದ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಕಾಡಂಚಿನ ಜನಕ್ಕೂ ಜ್ವರ ಬಂತು. ಕಾಯಿಲೆಗೆ ಆ ಕಾಡಿನ ಹೆಸರೇ ಉಳಿಯಿತು. ಅವತ್ತಿನಿಂದ ಇವತ್ತಿನವರೆಗೂ ತೋಟದಲ್ಲಿ ಮಂಗ ಸತ್ತು ಬಿದ್ದರೆ ನಾವು ಆರೋಗ್ಯ ಇಲಾಖೆಗೆ ಹೇಳುತ್ತೇವೆ. ರೋಗ ಹರಡುವ ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಡಾಕ್ಟರು ಸತ್ತ ಮಂಗವನ್ನು ಪರೀಕ್ಷೆಗೆ ಕಳಿಸಿದರೆ, "ಮನುಷ್ಯರ ಡಾಕ್ಟರಿಗೆ ಮಂಗ ಯಾಕೆ?" ಅಂತ ನಮ್ಮೂರಲ್ಲಿ ಯಾರೂ ಕೇಳಿದ್ದಿಲ್ಲ. ಅದೇ ರೋಗ, ಅದೇ ರಕ್ತ, ಅದಕ್ಕೆ ಬಂದದ್ದು ನಮಗೂ ಬರುತ್ತದೆ. ಇಷ್ಟನ್ನು ಸುಲಭವಾಗಿ ಒಪ್ಪುತ್ತೇವೆ. ಅದೇ ಮಾತು ಮನಸ್ಸಿಗೆ ಬಂದರೆ ಮಾತ್ರ ಬೇಲಿ ಹಾಕಿಬಿಡುತ್ತೇವೆ. ದೇಹ ಬೇಕಾದರೆ ಮಂಗನ ನೆಂಟಸ್ತಿಕೆ, ಮನಸ್ಸು ಮಾತ್ರ ನೇರ ಆಕಾಶದಿಂದ ಇಳಿದದ್ದು!

ಡಾರ್ವಿನ್ ಈ ಬೇಲಿಯನ್ನು ಕಿತ್ತ. ದೇಹದ ವಿಷಯಕ್ಕೆ ನಿಲ್ಲಿಸದೆ, 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವನೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ನಾಯಿ ಬಾಲ ಮುದುರುವುದು, ಬೆಕ್ಕು ಬೆನ್ನು ಕಮಾನು ಮಾಡುವುದು, ಮನುಷ್ಯ ಹುಬ್ಬು ಗಂಟಿಕ್ಕುವುದು ಎಲ್ಲ ಒಟ್ಟಿಗೆ. ಮನಸ್ಸಿಗೂ ಒಂದು ವಂಶಾವಳಿ ಇದ್ದರೆ, ಅಜ್ಜನ ಮನೆ ನೋಡದೆ ಮೊಮ್ಮಗನನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಆದರೆ ನೆಂಟಸ್ತಿಕೆ ಒಂದೇ ಕಾರಣ ಅಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪ್ರಾಣಿಗೆ ಮಾತು ಬರುವುದಿಲ್ಲ.

ಇದು ಕೊರತೆ ಅಂತ ಎಲ್ಲರೂ ತಿಳಿಯುತ್ತಾರೆ. ನಾನು ಅನುಕೂಲ ಅನ್ನುತ್ತೇನೆ. 1879ರಲ್ಲಿ ಜರ್ಮನಿಯ ಲೈಪ್‌ಝಿಗ್‌ನಲ್ಲಿ ವುಂಟ್ ಮೊದಲ ಮನಃಶಾಸ್ತ್ರ ಪ್ರಯೋಗಾಲಯ ಶುರು ಮಾಡಿದಾಗ ನಡೆಯುತ್ತಿದ್ದ ಕೆಲಸದಲ್ಲಿ ಒಂದು ಪಾಲು ಇದು: ತರಬೇತಾದ ಜನರನ್ನು ಕೂರಿಸಿ, ಗಂಟೆ ಬಾರಿಸಿಯೋ ಬಣ್ಣ ತೋರಿಸಿಯೋ, ಈಗ ನಿನ್ನೊಳಗೆ ಏನಾಯಿತು ಹೇಳು ಅನ್ನುವುದು. ಮುಂದೆ ಬೇರೆ ಬೇರೆ ಪ್ರಯೋಗಾಲಯದವರು ಜಗಳಕ್ಕೆ ಬಿದ್ದರು. ಮನಸ್ಸಿನಲ್ಲಿ ಯಾವ ಚಿತ್ರವೂ ಇಲ್ಲದ ಯೋಚನೆ ಇದೆ ಅಂತ ಒಬ್ಬರು, ಇಲ್ಲವೇ ಇಲ್ಲ ಅಂತ ಇನ್ನೊಬ್ಬರು. ಯಾರ ತಲೆಯೊಳಗೆ ಯಾರು ಹೊಕ್ಕು ನೋಡಬೇಕು? ಕೊನೆಗೆ 1913ರಲ್ಲಿ ಅಮೆರಿಕದ ವಾಟ್ಸನ್, ಒಳಗಿನದನ್ನು ಬಿಡಿ, ಕಾಣುವ ನಡವಳಿಕೆಯನ್ನು ಮಾತ್ರ ನೋಡೋಣ ಅಂತ ಗುಡುಗಿದ. ಅವನದು ಅತಿಯಾಯಿತು. ಆದರೂ ಒಂದು ಪಾಠ ಉಳಿಯಿತು. ಕೇಳಿ ತಿಳಿಯುವುದು ಬೇರೆ, ನೋಡಿ ತಿಳಿಯುವುದು ಬೇರೆ. ಮನುಷ್ಯರಲ್ಲಿ ಕೇಳುವುದು ಎಷ್ಟು ಸುಲಭ ಅಂದರೆ, ನೋಡುವುದನ್ನೇ ಮರೆಯುತ್ತೇವೆ. ಇಲಿಯ ಹತ್ತಿರ ಆ ಚಾಳಿ ನಡೆಯುವುದಿಲ್ಲ.

ನಾನು ಶಾಲಾ ಮಕ್ಕಳ ಕೌನ್ಸೆಲರ್. ಒಬ್ಬ ಹುಡುಗನಿಗೆ ದಿನಾ ಬೆಳಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿದರು, ಏನೂ ಇಲ್ಲ. ಯಾಕೋ ಪುಟ್ಟ ಅಂದರೆ ದಿನಕ್ಕೊಂದು ಕಾರಣ. ಉಪ್ಪಿಟ್ಟು ಸೇರಲಿಲ್ಲ, ನಿದ್ದೆ ಆಗಲಿಲ್ಲ, ಬೆಂಚಿನಲ್ಲಿ ಪಕ್ಕದವನು ಗುದ್ದುತ್ತಾನೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ್ದಕ್ಕೆ ಒಂದು ಉತ್ತರ ಕೊಡಬೇಕು ಅಲ್ವಾ, ಕೊಡುತ್ತಿದ್ದ. ನಾನು ಕೇಳುವುದು ನಿಲ್ಲಿಸಿ, ನೋವು ಬಂದ ಗಳಿಗೆಯನ್ನು ಮಾತ್ರ ಬರೆದಿಡಿ ಅಂತ ಅವನ ಅಮ್ಮನಿಗೆ ಹೇಳಿದೆ. ಎರಡು ವಾರದ ಚೀಟಿ ನೋಡಿದರೆ ಶಾಲೆಯ ದಿನಗಳಲ್ಲಿ ಏಳೂ ನಲವತ್ತು. ವ್ಯಾನಿನ ಹಾರ್ನ್ ಕೇಳುವ ಹೊತ್ತು. ಒಂದು ಭಾನುವಾರ ಮಾತ್ರ ಮಧ್ಯಾಹ್ನ ಹನ್ನೊಂದೂವರೆಗೆ. ಆ ಹೊತ್ತಿಗೆ ಬೀದಿಗೆ ಗ್ಯಾಸ್ ಸಿಲಿಂಡರ್ ಗಾಡಿ ಬಂದಿತ್ತು. ಹಾರ್ನ್ ಹೆಚ್ಚುಕಡಿಮೆ ಅದೇ.

ಇದು ರಷ್ಯಾದ ಪಾವ್ಲೋವ್‌ನ ನಾಯಿಯೇ. ಪಾವ್ಲೋವ್ ಮನಃಶಾಸ್ತ್ರಜ್ಞನೇ ಅಲ್ಲ. ಜೀರ್ಣಕ್ರಿಯೆಯ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದವನು. ನಾಯಿಗಳ ಜೊಲ್ಲು ಅಳೆಯುತ್ತಿದ್ದಾಗ, ಊಟ ಕಣ್ಣಿಗೆ ಬೀಳುವ ಮೊದಲೇ, ಊಟ ತರುವವನ ಹೆಜ್ಜೆ ಸದ್ದಿಗೇ ಜೊಲ್ಲು ಸುರಿಯುವುದು ಕಂಡಿತು. ಬೇರೆಯವರಾದರೆ ಇದೊಂದು ಕಿರಿಕಿರಿ ಅಂತ ಬಿಡುತ್ತಿದ್ದರು. ಅವನು ಉಳಿದ ಆಯುಷ್ಯವನ್ನೇ ಅದಕ್ಕೆ ಕೊಟ್ಟ. ನಮ್ಮ ಅಮ್ಮನಿಗೆ ಪಾವ್ಲೋವ್ ಗೊತ್ತಿಲ್ಲ, ಆದರೆ ಅಕ್ಕಚ್ಚಿನ ಬಕೆಟ್ಟು ಸದ್ದಾದರೆ ಸಾಕು, ಗೌರಿಯ ಮೊಲೆಯಲ್ಲಿ ಹಾಲು ತೊಟ್ಟಿಕ್ಕುವುದು ಗೊತ್ತು. ಹುಡುಗನ ಹೊಟ್ಟೆಗೂ ಹಾರ್ನ್ ಗೊತ್ತಾಗಿಬಿಟ್ಟಿತ್ತು, ಅವನಿಗೇ ಗೊತ್ತಾಗುವ ಮೊದಲು.

ಬಿಡಿಸಿದ್ದು ಹೇಗೆ ಅನ್ನುವುದೂ ಹಳೇ ದಾರಿಯೇ. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನುವವರು ಮೊಲಕ್ಕೆ ಹೆದರುವ ಪೀಟರ್ ಎಂಬ ಮಗುವಿಗೆ, ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದಿನಕ್ಕಿಷ್ಟು ಹತ್ತಿರ ತಂದು ಹೆದರಿಕೆ ಕಳೆದಿದ್ದರು. ನಾವು ಹಾರ್ನ್ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಹಾಕಿ, ಕ್ಯಾರಂ ಆಡುತ್ತ, ದಿನಕ್ಕೊಂದು ಚೂರು ಜೋರು ಮಾಡಿದೆವು. ಬೆಂಚಿನಲ್ಲಿ ಗುದ್ದುವವನ ವಿಚಾರವನ್ನು ಬೇರೆಯಾಗಿ ನೋಡಬೇಕಾಯಿತು, ಆ ಕತೆ ಇಲ್ಲಿ ಬೇಡ.

ಪಾರಿವಾಳದ ವಿಚಾರ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ ಕಂಡುಕೊಂಡದ್ದು: ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ ಹಕ್ಕಿ ಹೊಟ್ಟೆ ತುಂಬಿದ ಮೇಲೆ ಬಿಡುತ್ತದೆ, ಕಾಳು ನಿಂತರೆ ಬೇಗ ಕುಕ್ಕುವುದನ್ನೇ ಮರೆಯುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹಾಗೆ ಬಿದ್ದರೆ ಕುಕ್ಕುತ್ತಲೇ ಇರುತ್ತದೆ. ಓಸಿ ಜೂಜಿನ ಚೀಟಿ ಬರೆಸುವವರನ್ನು ನೋಡಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ರಾತ್ರಿ ಹನ್ನೆರಡಕ್ಕೆ ಮೊಬೈಲ್ ಉಜ್ಜುವ ನನಗೂ.

ಇನ್ನು ಮಂಗಗಳ ಕಾಟ. ತೋಟ ಇರುವವರು ಇದನ್ನು ಓದುತ್ತಿದ್ದರೆ ನಿಟ್ಟುಸಿರು ಬಿಡುತ್ತಾರೆ. ಅಪ್ಪಯ್ಯ ಮಾಡದ ಉಪಾಯ ಇಲ್ಲ. ಡಬ್ಬ ಬಡಿದ, ಗರ್ನಾಲು ಹೊಡೆದ, ಒಂದು ವರ್ಷ ಹುಲಿ ಬೊಂಬೆ ತಂದು ತೋಟದ ನಡುವೆ ಕೂರಿಸಿದ. ಮೊದಲ ವಾರ ಒಂದು ಮಂಗವೂ ಬರಲಿಲ್ಲ. ಎರಡನೇ ವಾರ ದೂರದ ಮರದಿಂದ ನೋಡಿದವು. ತಿಂಗಳಾಗುವಷ್ಟರಲ್ಲಿ ಒಂದು ಮರಿ ಹುಲಿಯ ತಲೆ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿತ್ತು. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ತಮ್ಮ ನಾಯಿಗೇ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ಸುದ್ದಿಯಾಗಿತ್ತು, ನೆನಪಿರಬಹುದು. ಜನ ನಕ್ಕರು. ನನಗೆ ಆ ರೈತರ ತಲೆ ಇಷ್ಟವಾಯಿತು. ಬೊಂಬೆ ಒಂದೇ ಕಡೆ ಕೂರುತ್ತದೆ, ನಾಯಿ ಓಡಾಡುತ್ತದೆ. ಕೂತಲ್ಲೇ ಕೂತದ್ದಕ್ಕೆ ಯಾವ ಜೀವವೂ ಒಗ್ಗಿಕೊಳ್ಳುತ್ತದೆ.

ಒಗ್ಗಿಕೊಳ್ಳುವುದು ಅಂದೆನಲ್ಲ, ಅದರೊಳಗೆ ಏನು ನಡೆಯುತ್ತದೆ ಅಂತ ನೋಡಲು ನರವಿಜ್ಞಾನಿ ಎರಿಕ್ ಕಾಂಡೆಲ್ ಹುಡುಕಿದ್ದು ಮಂಗವನ್ನಲ್ಲ, ಮನುಷ್ಯನನ್ನಂತೂ ಅಲ್ಲವೇ ಅಲ್ಲ. ಅಪ್ಲೀಸಿಯಾ ಅನ್ನುವ ಒಂದು ಸಮುದ್ರದ ಬಸವನಹುಳವನ್ನು. ನಮ್ಮ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಆ ಹುಳಕ್ಕೆ ಇರುವುದು ಸುಮಾರು 20 ಸಾವಿರ, ಕೆಲವಂತೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮೆತ್ತಗೆ ಮುಟ್ಟಿದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಯಾಕೆ ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸಲು ಬಿಡುವ ರಾಸಾಯನಿಕವೇ ಕಡಿಮೆಯಾಗುತ್ತದೆ. ಕಲಿಕೆ, ನೆನಪು ಅನ್ನುವುದು ನರಕೋಶಗಳ ನಡುವಿನ ಈ ಕೊಡು-ಕೊಳ್ಳುವಿಕೆಯಲ್ಲಿ ಆಗುವ ಬದಲಾವಣೆ ಅಂತ ತೋರಿಸಿದ್ದಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಪಾಲು ಬಂತು. ಅಡಿಕೆ ದಬ್ಬೆಯ ಸಂಕ ದಾಟಲು ಕಲಿತ ಮೇಲೆ ತಾನೆ ಹೊಳೆ ಈಜುವ ಮಾತು. ಸಣ್ಣದರಲ್ಲಿ ಕಂಡದ್ದನ್ನು ದೊಡ್ಡದರಲ್ಲಿ ಹುಡುಕಬಹುದು. ಇಲಿಗಳನ್ನು ಆರಿಸುವುದಕ್ಕೂ ಇಂಥದ್ದೇ ಲೆಕ್ಕ. ಮೂರು ವಾರಕ್ಕೆ ಮರಿ ಹಾಕುತ್ತದೆ, ಎರಡು ಮೂರು ವರ್ಷಕ್ಕೆ ಆಯುಷ್ಯ ಮುಗಿಯುತ್ತದೆ. ಅಜ್ಜಿಯ ಬಾಳು ಮೊಮ್ಮಗಳ ಮೇಲೆ ಏನು ಮಾಡಿತು ಅಂತ ಮನುಷ್ಯರಲ್ಲಿ ನೋಡಲು ಹೋದರೆ ನೋಡುವವರೇ ತೀರಿಹೋಗುತ್ತಾರೆ.

ಈಗ ಬರೆಯಲು ಕಷ್ಟವಾದ ಭಾಗ.

ನಾನು ಸಣ್ಣವಳಿದ್ದಾಗ ಮನೆಯಲ್ಲಿ ಬೆಳ್ಳಿ ಅನ್ನುವ ಹಸು ಇತ್ತು. ಹದಿನೈದು ದಿನದ ಕರು ಸತ್ತುಹೋಯಿತು. ಬೆಳ್ಳಿ ಹುಲ್ಲು ಮುಟ್ಟಲಿಲ್ಲ, ಹಾಲು ಬಿಡಲಿಲ್ಲ, ರಾತ್ರಿಯಿಡೀ ಕೂಗಿತು. ಅಜ್ಜ ಕರುವಿನ ಚರ್ಮ ತೆಗೆಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಸಿದ. ಕಾಲಿಲ್ಲ, ಕಣ್ಣಿಲ್ಲ, ಒಂದು ಮೂಟೆ. ಅದನ್ನು ಮುಂದಿಟ್ಟಾಗ ಬೆಳ್ಳಿ ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ ತೊರೆ ಬಿಟ್ಟಿತು. ಅಜ್ಜಿ ಆ ಹಾಲು ಕರೆದಳು, ಆದರೆ ಕುಡಿಯಲಿಲ್ಲ. ದೇವರಿಗೂ ಇಡಲಿಲ್ಲ. ಡೈರಿಗೆ ಹೋಯಿತು.

ಕಾಲೇಜಿನಲ್ಲಿ ಹ್ಯಾರಿ ಹಾರ್ಲೋವಿನ ಪಾಠ ಬಂದಾಗ ನನಗೆ ಕಂಡದ್ದು ಆ ಹುಲ್ಲಿನ ಮೂಟೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1950ರ ದಶಕದಲ್ಲಿ ಹಾರ್ಲೋ ಕೋತಿ ಮರಿಗಳನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರೆ ಮಾಡಿದ. ಎರಡು ಬೊಂಬೆ ಅಮ್ಮಂದಿರನ್ನು ಇಟ್ಟ. ಒಂದು ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದು ಮೆತ್ತನೆ ಬಟ್ಟೆ ಸುತ್ತಿದ್ದು, ಹಾಲಿಲ್ಲ. ಮರಿಗಳು ಹಾಲಿಗಷ್ಟೇ ತಂತಿಯ ಹತ್ತಿರ ಹೋದವು. ದಿನದ ಬಹುಪಾಲು ಬಟ್ಟೆಯ ಅಮ್ಮನನ್ನು ಅಪ್ಪಿಕೊಂಡೇ ಕಳೆದವು. ಹೆದರಿಸಿದಾಗಲೂ ಓಡಿದ್ದು ಅಲ್ಲಿಗೇ. ಇದರ ಬೆಲೆ ಗೊತ್ತಾಗಬೇಕಾದರೆ ಆ ಕಾಲದ ದೊಡ್ಡವರ ಮಾತು ನೆನಪಿಸಿಕೊಳ್ಳಬೇಕು. ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿನ ಆಸೆಗೆ ಅಂತ ಅವರು ನಂಬಿದ್ದರು. ಮಕ್ಕಳನ್ನು ಮುದ್ದಾಡಬೇಡಿ, ಬೆಳಗ್ಗೆ ಕೈ ಕುಲುಕಿದರೆ ಸಾಕು ಅಂತ ತಂದೆತಾಯಿಗೆ ಉಪದೇಶ ಕೊಟ್ಟವನು ಅದೇ ವಾಟ್ಸನ್. ಆಸ್ಪತ್ರೆಗೆ ಸೇರಿದ ಮಗುವಿನ ಹತ್ತಿರ ಅಮ್ಮ ಉಳಿಯಬಾರದು ಅನ್ನುವ ನಿಯಮಗಳಿದ್ದವು. ಈ ಮಾತುಗಳ ಬುಡ ಅಲ್ಲಾಡಿಸಿದವರಲ್ಲಿ ಹಾರ್ಲೋವಿನ ಆ ಮರಿಗಳೂ ಸೇರಿವೆ.

ಮನುಷ್ಯರ ಮಕ್ಕಳ ಮೇಲೆ ಇದನ್ನು ಮಾಡಲು ಆಗುತ್ತಿರಲಿಲ್ಲ, ಅದಕ್ಕೇ ಪ್ರಾಣಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಪರೀಕ್ಷೆಯಲ್ಲಿ ನಾನೂ ಬರೆದಿದ್ದೇನೆ, ಅಂಕ ಬಂದಿದೆ. ಆದರೆ ಈ ಉತ್ತರ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಕೋತಿಯ ದುಃಖ ನಮ್ಮ ದುಃಖದ ಹಾಗೆ ಇಲ್ಲದಿದ್ದರೆ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ. ಇದ್ದರೆ, ಮಾಡಬಾರದು. ಹಾರ್ಲೋ ಅಲ್ಲಿಗೂ ನಿಲ್ಲಲಿಲ್ಲ. ಮರಿಗಳನ್ನು ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಹಾಕಿದ. ಬಟ್ಟೆಯ ಅಮ್ಮನ ಪ್ರಯೋಗವನ್ನು ನಾನು ಕಷ್ಟಪಟ್ಟು ಒಪ್ಪಿಯೇನು. ಇದನ್ನು ಒಪ್ಪಲಾರೆ. ಇನ್ನೊಂದು ವಿಷಯ, ಆ ಜಾತಿಯ ಕೋತಿ ನಮ್ಮ ಉತ್ತರ ಭಾರತದ್ದು. ವರ್ಷಗಟ್ಟಲೆ ಸಾವಿರಾರು ಕೋತಿಗಳು ಇಲ್ಲಿಂದ ಹೊರದೇಶದ ಪ್ರಯೋಗಾಲಯಗಳಿಗೆ ಹೋದವು. 1978ರಲ್ಲಿ ಭಾರತ ಅದನ್ನು ನಿಲ್ಲಿಸಿತು. ನಮ್ಮ ತೋಟಕ್ಕೆ ಬರುವ ಮಂಗಗಳು ಅವುಗಳ ಹತ್ತಿರದ ನೆಂಟರು. ಅಪ್ಪಯ್ಯ ಗರ್ನಾಲು ಹಚ್ಚುವಾಗ ಇದನ್ನೆಲ್ಲ ಹೇಳಲು ಹೋದರೆ, ಬಾಳೆಗೊನೆ ಕಳಕೊಂಡವನು ನಾನು ಅನ್ನುತ್ತಾನೆ. ಅದೂ ಸರಿಯೇ.

ನೆಂಟರು ಅಂದಾಕ್ಷಣ ಎಲ್ಲವೂ ನಮ್ಮ ಹಾಗೆ ಅಂದುಕೊಳ್ಳುವ ಅಪಾಯವೂ ಇದೆ. ಒಮ್ಮೆ ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಮಂಗ ಹಲ್ಲು ಬಿಟ್ಟು ಕೂತಿತ್ತು. "ಮಿಸ್, ನಗ್ತಿದೆ!" ಅಂತ ಮಕ್ಕಳು ಮುತ್ತಿಕೊಂಡರು. ಅದು ನಗುತ್ತಿರಲಿಲ್ಲ. ಆ ಜಾತಿಯ ಮಂಗಗಳು ಹಾಗೆ ಹಲ್ಲು ಬಿಡುವುದು ಹೆದರಿದಾಗ, ಬಲಿಷ್ಠನ ಮುಂದೆ ತಗ್ಗಿದಾಗ. ಪಾಪ, ಬಿಟ್ಟುಬಿಡಿ ಅನ್ನುತ್ತಿತ್ತು. ಸರಳ ಕಾರಣ ಸಾಕಾಗುವಲ್ಲಿ ದೊಡ್ಡ ಮನಸ್ಸನ್ನು ಹೊರಿಸಬೇಡಿ ಅಂತ ಬ್ರಿಟನ್ನಿನ ಮನಃಶಾಸ್ತ್ರಜ್ಞ ಲಾಯ್ಡ್ ಮಾರ್ಗನ್ 1894ರಲ್ಲೇ ಎಚ್ಚರಿಸಿದ್ದ. ನಾನು ಈ ಬರಹದುದ್ದಕ್ಕೂ ಗೌರಿಗೆ "ಅವಳು" ಅನ್ನುತ್ತಿದ್ದೇನೆ. ನಮ್ಮ ಮೇಷ್ಟ್ರು ನೋಡಿದರೆ ಕೆಂಪು ಶಾಯಿ ಹಾಕುತ್ತಿದ್ದರು. ಇರಲಿ.

ಪ್ರಾಣಿ ನಮಗಿಂತ ಬೇರೆ ಅನ್ನುವುದರಿಂದಲೂ ಕಲಿಯಲಿಕ್ಕಿದೆ, ಬೇರೆ ಅಂದುಕೊಂಡದ್ದು ಒಂದೇ ಆಗಿರುವುದರಿಂದಲೂ. ಅಟ್ಟದ ಇಲಿಗೆ ಪಾಷಾಣ ಇಟ್ಟವರಿಗೆ ಗೊತ್ತು. ಒಮ್ಮೆ ಚೂರು ತಿಂದು, ಹೊಟ್ಟೆ ಕೆಟ್ಟು, ಬದುಕಿಕೊಂಡ ಇಲಿ ಆ ರುಚಿಯನ್ನು ಇನ್ನು ಮುಟ್ಟುವುದಿಲ್ಲ. 1966ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾರ್ಸಿಯಾ ಇದನ್ನು ಪ್ರಯೋಗಕ್ಕೆ ತಂದ. ಹೊಟ್ಟೆ ತೊಳಸಿದರೆ ಇಲಿ ರುಚಿಯ ಮೇಲೆ ತಪ್ಪು ಹೊರಿಸುತ್ತದೆ, ಜತೆಗಿದ್ದ ಬೆಳಕು-ಸದ್ದಿನ ಮೇಲಲ್ಲ. ಶಾಕ್ ಕೊಟ್ಟರೆ ಬೆಳಕು-ಸದ್ದಿನ ಮೇಲೆ, ರುಚಿಯ ಮೇಲಲ್ಲ. ಯಾವುದಕ್ಕೆ ಯಾವುದನ್ನು ಬೇಕಾದರೂ ಗಂಟು ಹಾಕಬಹುದು ಅನ್ನುತ್ತಿದ್ದ ಪಂಡಿತರಿಗೆ ಇದು ಅರಗಲಿಲ್ಲ. ನನಗೆ ಅರಗಿತು. ನಾನು ಏಳನೇ ಕ್ಲಾಸಿನಲ್ಲಿ ಹಾಲುಬಾಯಿ ತಿಂದು ಬಸ್ಸು ಹತ್ತಿ, ಆಗುಂಬೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡವಳು. ತಪ್ಪು ಘಾಟಿಯದು, ಬಸ್ಸಿನದು. ನನಗೆ ಅದು ಚೆನ್ನಾಗಿ ಗೊತ್ತು. ನಾಲಿಗೆಗೆ ಗೊತ್ತಿಲ್ಲ. ಇಪ್ಪತ್ತು ವರ್ಷವಾಯಿತು, ಘಾಟಿ ಇಳಿಯುತ್ತೇನೆ, ಹಾಲುಬಾಯಿ ಮಾತ್ರ ಬಾಯಿಗೆ ಇಡಲಾರೆ. ಅಟ್ಟದ ಇಲಿಯೂ ನಾನೂ ಈ ವಿಚಾರದಲ್ಲಿ ಒಂದೇ.

ಸರಿ, ಗೌರಿಗೆ ವಾಪಸ್ ಬರೋಣ. ಸೀರೆ ಕೆಲಸ ಮಾಡಿತು ಅಂತ ಅಪ್ಪಯ್ಯ, ಅತ್ತೆ ಇಬ್ಬರೂ ಖುಷಿಯಾದರು. ನಾನು ಸುಮ್ನೆ ಇರಬೇಕಿತ್ತು. ಸೀರೆಯಲ್ಲಿ ಕೆಲಸ ಮಾಡಿದ್ದು ಯಾವುದು ಅನ್ನುವ ಹುಳ ಹೊಕ್ಕಿತು. ವಾಸನೆಯೋ, ಬಣ್ಣವೋ, ಹೊದ್ದ ಆಕಾರವೋ? ನಾಲ್ಕನೇ ದಿನ ಅದೇ ಸೀರೆ. ಐದು ಲೋಟ. ಐದನೇ ದಿನ ಅಮ್ಮ ಒಮ್ಮೆಯೂ ಉಡದ, ಕಪಾಟಿನಲ್ಲಿದ್ದ ಹೊಸ ಸೀರೆ ಕೊಟ್ಟೆ. ಅಪ್ಪಯ್ಯ ಗೊಣಗುತ್ತ ಹೊದ್ದ. ಐದು ಲೋಟ. ವಾಸನೆ ಅಲ್ಲ ಅಂತಾಯಿತು. ಆರನೇ ದಿನ ಬೆಡ್‌ಶೀಟ್. ನಾಲ್ಕೂವರೆ. ಏಳನೇ ದಿನ ಏನೂ ಹೊದೆಯಬೇಡ ಅಂದೆ. ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ನಿಂತೆ. ಅತ್ತೆಗೆ ಕಳಿಸುತ್ತೀನಿ ಅಂತ ಹೆದರಿಸಿದೆ. ಅಪ್ಪಯ್ಯ ನಗುತ್ತ, ನನಗೆ ಬೈಯುತ್ತ, ಬರೀ ಬನಿಯನ್ನಿನಲ್ಲಿ ಕೂತು ಕರೆದ. ಐದು ಲೋಟ!

ಅಷ್ಟು ದಿನಕ್ಕೆ ಗೌರಿ ಅವನ ಕೈಗೆ ಒಗ್ಗಿಕೊಂಡಳು ಅನ್ನಬಹುದಿತ್ತು, ಹುಲಿ ಬೊಂಬೆಗೆ ಮಂಗ ಒಗ್ಗಿದ ಹಾಗೆ. ನಾನೂ ಹಾಗೇ ಅಂದುಕೊಂಡೆ. ಎಂಟನೇ ದಿನ ನಸುಕಿನಲ್ಲಿ ಅಕ್ಕನ ಫೋನ್ ಬಂತು. ರಾತ್ರಿಯಿಂದ ಅಮ್ಮನಿಗೆ ಜ್ವರ, ಗಾಯಕ್ಕೆ ಸೋಂಕು ಇರಬಹುದೇನೋ ನೋಡುತ್ತಿದ್ದಾರೆ ಅಂದಳು. ಅಪ್ಪಯ್ಯ ಫೋನ್ ಇಟ್ಟು, "ಆಸ್ಪತ್ರೇಲಿ ಇದಾರಲ್ಲ, ನೋಡ್ಕತಾರೆ. ನಂಗೇನು ಹೆದರಿಕೆ ಇಲ್ಲ" ಅಂದ. ತಾನೇ ಹಳೇ ಸೀರೆ ಹುಡುಕಿ ಹೊದ್ದು ಹೋದ. ಅಮ್ಮ ಉಟ್ಟ ಸೀರೆ, ಅದೇ ಚೆಂಬು, ಅದೇ ಹೊತ್ತು. ಗೌರಿ ಒದ್ದಳು. ಒಂದು ಹನಿ ಬಿಡಲಿಲ್ಲ.

ಹ್ಯಾನ್ಸ್ ಅನ್ನುವ ಕುದುರೆಯ ಕತೆ ನನಗೆ ಆಗ ಹೊಳೆಯಿತು. ಬರ್ಲಿನ್ನಿನಲ್ಲಿ ಫಾನ್ ಓಸ್ಟೆನ್ ಅನ್ನುವ ನಿವೃತ್ತ ಮೇಷ್ಟ್ರ ಕುದುರೆ. ಕೂಡುವ, ಕಳೆಯುವ ಲೆಕ್ಕ ಕೇಳಿದರೆ ಗೊರಸಿನಿಂದ ಅಷ್ಟು ಸಲ ನೆಲ ತಟ್ಟುತ್ತಿತ್ತು. 1904ರಲ್ಲಿ ಪಂಡಿತರ ಸಮಿತಿ ಬಂದು ನೋಡಿ, ಮೋಸ ಇಲ್ಲ ಅಂತ ಹೇಳಿತು. ಮೋಸ ಇರಲೂ ಇಲ್ಲ. ಆಮೇಲೆ ಮನಃಶಾಸ್ತ್ರದ ವಿದ್ಯಾರ್ಥಿ ಆಸ್ಕರ್ ಫುಂಗ್ಸ್ಟ್ ಒಂದೊಂದನ್ನೇ ಬದಲಿಸುತ್ತ ಹೋದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿಲ್ಲ. ಕೇಳುವವನು ಕಣ್ಣಿಗೆ ಕಾಣದಿದ್ದರೂ ಗೊತ್ತಿಲ್ಲ. ಸರಿಯಾದ ಎಣಿಕೆ ಬಂದಾಗ ಕೇಳುವವನ ತಲೆ ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು, ಬಿಗಿದ ಮೈ ಸಡಿಲವಾಗುತ್ತಿತ್ತು. ಕುದುರೆ ಓದುತ್ತಿದ್ದದ್ದು ಅದನ್ನು. ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್‌ಗೆ ತನ್ನ ತಲೆಯನ್ನು ಪೂರ್ತಿ ಅಲ್ಲಾಡದ ಹಾಗೆ ಹಿಡಿಯಲು ಆಗಲಿಲ್ಲವಂತೆ. 1907ರಲ್ಲಿ ಇದು ಅಚ್ಚಾಯಿತು. ಕುದುರೆಗೆ ಗಣಿತ ಬರುವುದಿಲ್ಲ ಅನ್ನುವುದಷ್ಟೇ ಜನರ ನೆನಪಿನಲ್ಲಿ ಉಳಿದಿದೆ. ಮನುಷ್ಯ ತನಗೇ ಗೊತ್ತಿಲ್ಲದೆ ಎಲ್ಲವನ್ನೂ ಮೈಯಲ್ಲಿ ಹೇಳಿಬಿಡುತ್ತಾನೆ ಅನ್ನುವುದು ಅದಕ್ಕಿಂತ ದೊಡ್ಡ ಸುದ್ದಿ. ಔಷಧಿ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಗುಳಿಗೆ ಅನ್ನುವುದನ್ನು ಕೊಡುವವರಿಂದಲೂ ಮುಚ್ಚಿಡುತ್ತಾರಲ್ಲ, ಅದೂ ಇದೇ ಭಯಕ್ಕೆ.

ಮೊದಲ ಎರಡು ದಿನ ಅಪ್ಪಯ್ಯ ಆಪರೇಷನ್ ಚಿಂತೆಯಲ್ಲಿದ್ದ. ಕೈ ಬಿಗಿ, ಉಸಿರು ಬಿಗಿ. ಸೀರೆ ಹೊದ್ದಾಗ ಅವನಿಗೇ ನಗು ಬಂತು, ಕೈ ಸಡಿಲವಾಯಿತು. ಹಸು ಗಾಬರಿಯಾದರೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರಿ, ಹಾಲು ಇಳಿಸುವ ಹಾರ್ಮೋನು ಆಕ್ಸಿಟೋಸಿನ್‌ಗೆ ಅಡ್ಡ ಬರುತ್ತದೆ. ಹಾಲೂಡಿಸುವ ಅಮ್ಮಂದಿರಲ್ಲೂ ಆಕ್ಸಿಟೋಸಿನ್ನೇ ಹಾಲು ಇಳಿಸುವುದು, ಗಾಬರಿಯೇ ಅದಕ್ಕೆ ಅಡ್ಡಿ. ಬಾಣಂತಿಗೆ ಬೈಯಬಾರದು ಅಂತ ಅಜ್ಜಿ ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಸೀರೆ ಹೊದೆಸಿದ್ದು ಗೌರಿಗೆ ಮೋಸ ಮಾಡಲಿಕ್ಕೆ. ಅದು ಕೆಲಸ ಮಾಡಿದ್ದು ಅಪ್ಪಯ್ಯನ ಮೇಲೆ. ಹೀಗೆ ನನ್ನ ಊಹೆ. ಒಂದು ಹಸು, ಎಂಟು ದಿನ, ಬರೆದುಕೊಂಡವಳು ಮಗಳು. ಇದನ್ನು ಪ್ರಯೋಗ ಅಂತ ಯಾರ ಮುಂದೆಯೂ ಹೇಳಲು ಬರುವುದಿಲ್ಲ.

ಜ್ವರ ಎರಡು ದಿನಕ್ಕೆ ಇಳಿಯಿತು, ಸೋಂಕು ಇರಲಿಲ್ಲ. ಅಮ್ಮ ವಾಕರ್ ಹಿಡಿದು ಮನೆಗೆ ಬಂದಳು. ಬಂದವಳು ಕೋಣೆಗೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತಳು. ಕನ್ನಡಕ ಹಣೆಗೆ ಏರಿಸಿ ಒಂದೊಂದೇ ಚೌಕ ಓದಿದಳು. ಎಂಟನೇ ದಿನದ ಸೊನ್ನೆಯ ಮೇಲೆ ಬೆರಳಿಟ್ಟಳು.

"ಇದೆಂತ? ಇವತ್ತು ಎಂತಾಗಿತ್ತು?"

ನನ್ನನ್ನಲ್ಲ, ಅಪ್ಪಯ್ಯನನ್ನು ಕೇಳಿದ್ದು. ಅಪ್ಪಯ್ಯ ಒಲೆಯ ಕಡೆ ತಿರುಗಿ ಕಾಫಿ ಡಬ್ಬ ಹುಡುಕತೊಡಗಿದ.

"ಎಂತ ಇಲ್ಲೆ. ಗೌರಿಗೆ ಅವತ್ತು ಮನಸ್ಸು ಸರಿ ಇರ್ಲಿಲ್ಲ."